ಗೋಣಿ ಸುತ್ತಿದ ಹಲಸು

ಕಳೆದ ಮೇ ತಿಂಗಳ ಒಂದು ಬುಧವಾರ, ಬೆಳಗ್ಗೆ ಏಳಕ್ಕೆ ಹತ್ತು ನಿಮಿಷವಿರುವಾಗ, ನಾನು ಚೇಕಾಡಿಯ ನಮ್ಮ ಮನೆಯ ಜಗಲಿಯ ಎರಡನೇ ಮೆಟ್ಟಿಲ ಮೇಲೆ ನಿಂತಿದ್ದೆ. ಕೈಯಲ್ಲಿ ಚಹಾದ ಲೋಟವಿತ್ತು. ಇಷ್ಟನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಮುಂದಿನದನ್ನು ಹೇಳುವಾಗ ಈಗಲೂ ನನ್ನ ನಾಲಿಗೆ ತೊದಲುತ್ತದೆ. ಇವತ್ತು ಪುಲ್ಪಳ್ಳಿಯ ಬಸ್ಸಿನಲ್ಲಿ ಯಾರದೋ ಚೀಲದಿಂದ ಹಲಸಿನ ಹಣ್ಣಿನ ವಾಸನೆ ಬಂತು. ಪಕ್ಕದವರು ಬಾಯಿ ಚಪ್ಪರಿಸಿದರು. ನಾನು ಕಿಟಕಿಯಾಚೆ ಕಾಡಿನ ಅಂಚನ್ನು ನೋಡಿದೆ.

ಆನೆಗೆ ಆ ವಾಸನೆ ಕರೆಯೋಲೆಯಿದ್ದಂತೆ, ನಿಮಗೆ ಗೊತ್ತಿರಬಹುದು. ಆದ್ದರಿಂದ ನಮ್ಮ ಕಾಡಂಚಿನ ಮನೆಗಳಲ್ಲಿ ಹಲಸು ಹಣ್ಣಾಗುವ ಮೊದಲೇ ಎಲ್ಲವನ್ನೂ ಇಳಿಸಿಬಿಡುವುದು ಪದ್ಧತಿ. ಎದುರುಮನೆಯ ಕೆಂಪಕ್ಕ ಮಾತ್ರ ಒಪ್ಪುತ್ತಿರಲಿಲ್ಲ. ಮರದಲ್ಲೇ ಹಣ್ಣಾದರೆ ಮಾತ್ರ ರುಚಿ ಎಂಬುದು ಅವಳ ವಾದ. ವಾಸನೆ ಹೊರಗೆ ಹೋಗದಿರಲೆಂದು ಪ್ರತಿ ಕಾಯಿಗೂ ಸೆಗಣಿ ನೀರಿನಲ್ಲಿ ಅದ್ದಿದ ಗೋಣಿ ಸುತ್ತಿ ಹುರಿ ಬಿಗಿದಿದ್ದಳು. ದೂರದಿಂದ ನೋಡಿದರೆ ಮರವು ಹನ್ನೊಂದು ಮಕ್ಕಳಿಗೆ ಕಂಬಳಿ ಹೊದಿಸಿ ಎತ್ತಿಕೊಂಡಂತಿತ್ತು. ಮರದಿಂದ ನಾಲ್ಕು ಮಾರಿನಾಚೆ ಮಣ್ಣಿನ ಗೋಡೆ. ಗೋಡೆಯಾಚೆ ಅವಳು ಮಲಗುವ ಜಾಗ. ಊರವರು ಹೇಳಿ ಹೇಳಿ ಸೋತಿದ್ದರು.

ನಾನು ಆಗ ಕತೆ ಬರೆಯುತ್ತಿದ್ದೆ. ಬರೆದದ್ದನ್ನು ಹಿಡಿದು ಕೇಳುವವರಿಗಾಗಿ ಅಲೆಯುತ್ತಿದ್ದೆ ಎಂದರೆ ಇನ್ನೂ ಸರಿ. ನಮ್ಮದು ಗಡಿಯಾಚೆಯ ಊರು, ಅಲ್ಲಿನ ವಾಚನಾಲಯದಲ್ಲಿ ಎಲ್ಲರೂ ಓದುವುದು ಮಲಯಾಳ. ಕನ್ನಡ ಕೇಳುವ ಕಿವಿಗಳು ಸಿಕ್ಕಿದ್ದು ನಮ್ಮ ಜಗಲಿಯಲ್ಲೇ, ಬಿತ್ತನೆಯ ಶುಂಠಿ ಮುರಿಯಲು ಕೂತ ಹೆಂಗಸರಲ್ಲಿ. ಆ ಕೆಲಸದಲ್ಲಿ ಕೈಗೆ ಬಿಡುವಿಲ್ಲ, ಕಿವಿಗೆ ಪೂರ್ತಿ ಬಿಡುವು. ಮೊಳಕೆ ನೋಡಿ ಗೆಡ್ಡೆ ಮುರಿದಾಗ ಟಪ್ ಎಂದು ಸದ್ದಾಗುತ್ತದೆ.

ಮೊದಲ ಸಲ ಓದಿದ ಕತೆಯಲ್ಲಿ ಘೋರಾರಣ್ಯದ ಗರ್ಭದಿಂದ ಗಜರಾಜನು ಘೀಳಿಡುತ್ತ ಹೊರಟ. ಟಪ್ ಟಪ್ ಸದ್ದು ಒಂದು ಕ್ಷಣವೂ ನಿಲ್ಲಲಿಲ್ಲ. ಕಾಡಿನೊಳಗಿನ ಹಾಡಿಯಿಂದ ಕೆಲಸಕ್ಕೆ ಬರುವ ಕಾಳಿ, ಆನೆಗಳ ನಡುವೆಯೇ ಬೆಳೆದವಳು, ಕೊನೆಗೆ ತಲೆಯೆತ್ತಿದಳು.

"ಆನೆ ಬಂತು ಬಂತು ಅಂತೀಯಲ್ಲ ಅಣ್ಣಾ, ಯಾರ ಮನೆಗೆ ಬಂತು? ಏನು ತಿನ್ನಕ್ಕೆ ಬಂತು?"

ಎರಡು ದಿನ ಕೂತು ತಿದ್ದಿದೆ. ಗಜರಾಜನನ್ನು ಹೊಡೆದುಹಾಕಿ, ಎಡಗಿವಿ ಹರಿದ ಒಂದು ಆನೆಯನ್ನು ಬರೆದೆ. ಅದು ಸೊಂಡಿಲನ್ನು ಗಾಳಿಗೆತ್ತಿ, ಗದ್ದೆಯ ಬದುವಿನ ಮೇಲೆ ಒಂದೊಂದೇ ಕಾಲು ಊರಿ ಬಂತು. ಒಬ್ಬ ಹೆಂಗಸನ್ನೂ ಸೇರಿಸಿದೆ. ಅವಳು ಹಲಸಿಗೆ ಗೋಣಿ ಸುತ್ತುತ್ತಾಳೆ, ಸುತ್ತುವಾಗ ಕಾಯಿಗಳ ಜೊತೆ ಮಾತಾಡುತ್ತಾಳೆ, ಒಂದೊಂದನ್ನೂ ತಟ್ಟಿ ನೋಡುತ್ತಾಳೆ. ಹೆಸರೊಂದು ಬೇರೆ, ಉಳಿದದ್ದೆಲ್ಲ ಎದುರುಮನೆಯಿಂದ ಕದ್ದದ್ದು.

ಸೋಮವಾರ ಅದನ್ನು ಓದಿದೆ. ಕೆಂಪಕ್ಕ ನನ್ನೆದುರಿಗೇ ಕೂತಿದ್ದಳು. ಗೋಣಿಯ ಸಂಗತಿ ಬಂದಾಗ ಎಲ್ಲರಿಗಿಂತ ಜೋರಾಗಿ ನಕ್ಕವಳು ಅವಳೇ.

"ಬುದ್ಧಿಯಿಲ್ದೋಳು. ಗೋಣಿ ಸುತ್ತಿದ್ರೆ ಹಲಸಿನ ವಾಸನೆ ನಿಲ್ತದಾ?"

ಯಾರೂ ಅವಳ ಮುಖ ನೋಡಲಿಲ್ಲ. ಆನೆ ಬದು ದಾಟಿತು. ಟಪ್ ಸದ್ದು ವಿರಳವಾಯಿತು. ಆ ಹೆಂಗಸು ಒಳಗೆ ಮಲಗಿದ್ದ ಮಣ್ಣಿನ ಗೋಡೆಗೆ ಆನೆ ಮೈ ಒರಗಿಸಿದಾಗ ಸದ್ದು ಪೂರ್ತಿ ನಿಂತಿತು. ಕೆಂಪಕ್ಕನ ಕೈಯಲ್ಲಿ ಅರ್ಧ ಬಾಗಿಸಿದ ಶುಂಠಿ ಹಾಗೇ ಇತ್ತು. ನನ್ನ ಹಾಳೆ ಅಲ್ಲಿಗೆ ಮುಗಿದಿತ್ತು.

"ಆಮೇಲೆ?" ಎಂದಳು.

ಇನ್ನೂ ಬರೆದಿಲ್ಲ ಎಂದೆ.

"ಗೋಡೆ ಬಿತ್ತಾ, ಇಲ್ವಾ?"

"ಗೊತ್ತಿಲ್ಲ ಕೆಂಪಕ್ಕ."

ಅವಳು ಮಡಿಲಿನ ಮಣ್ಣು ಕೊಡವಿ ಎದ್ದಳು. "ಗೊತ್ತಿಲ್ದೆ ಅವಳನ್ನ ಒಳಗೆ ಮಲಗಿಸ್ದೆಯಾ? ನಡಿ, ಕತ್ತಿ ತಗೋ. ಮರ ಹತ್ತು."

ಹತ್ತಿದೆ. ಅದನ್ನು ವರ್ಣಿಸುವುದಿಲ್ಲ, ಏಳನೆಯ ಹಲಸಿನ ಜೊತೆ ನಾನೂ ಅರ್ಧ ದಾರಿ ಜಾರಿ ಬಂದೆ ಎಂದರೆ ಸಾಕು. ಆನೆಗೆ ಇನ್ನೊಂದು ಹಲಸು ಮರದಲ್ಲೇ ನೇತಾಡುತ್ತಿದೆ ಎಂದು ಕಾಳಿ ಕೆಳಗಿನಿಂದ ನನ್ನನ್ನೇ ತೋರಿಸಿ ನಕ್ಕಳು. ಹಣ್ಣುಗಳು ಜೀಪಿನಲ್ಲಿ ಪುಲ್ಪಳ್ಳಿಗೆ ಹೋದವು, ಕಾಯಿಗಳು ನೆರೆಮನೆಗಳ ಪಲ್ಯಕ್ಕೆ. ಗೋಣಿಗಳನ್ನು ಕೆಂಪಕ್ಕ ಒಗೆದು ಹಗ್ಗಕ್ಕೆ ಹರವಿದಳು.

ಎರಡು ದಿನ ಕಳೆದು ಆ ಬುಧವಾರ. ಬದುವಿನ ಮೇಲೆ, ಒಂದೊಂದೇ ಕಾಲು ಊರಿ, ಅದು ಬಂತು. ಎರಡು ಕಿವಿಯೂ ನೆಟ್ಟಗಿದ್ದವು. ಅಷ್ಟು ಮಾತ್ರ ನನ್ನ ಕತೆಯಲ್ಲಿ ತಪ್ಪಿತ್ತು. ಮರದಡಿ ನಿಂತು, ಸೊಂಡಿಲೆತ್ತಿ, ಕತ್ತರಿಸಿದ ತೊಟ್ಟುಗಳನ್ನು ಒಂದೊಂದಾಗಿ ಮುಟ್ಟಿ ನೋಡಿತು, ಕೆಂಪಕ್ಕ ಕಾಯಿ ತಟ್ಟುತ್ತಿದ್ದ ಹಾಗೆಯೇ. ಹಗ್ಗದ ಮೇಲಿನ ಒಂದು ಗೋಣಿಯನ್ನು ಎಳೆದು ಮೂಸಿ ಬಿಸಾಡಿತು. ಹಿಂದಿರುಗುವಾಗ ಅದರ ಪಕ್ಕೆಗೂ ಗೋಡೆಗೂ ನಡುವೆ ಒಂದು ಮೊಳ ಜಾಗವಿತ್ತು. ಆಮೇಲೆ ಬಂದ ದಾರಿಯಲ್ಲೇ ಕಾಡಿಗೆ ಹೋಯಿತು. ನನ್ನ ಚಹಾ ಎಲ್ಲಿ ಚೆಲ್ಲಿತೋ ನೆನಪಿಲ್ಲ.

ಅಂದಿನಿಂದ, ಕತೆಯೊಳಗೆ ಯಾರನ್ನಾದರೂ ಮಲಗಿಸುವ ಮುನ್ನ ಗೋಡೆ ಯಾವುದರಿಂದ ಕಟ್ಟಿದ್ದು ಎಂದು ನೋಡಿಕೊಳ್ಳುತ್ತೇನೆ. ಇವತ್ತು ಬಸ್ಸಿನಲ್ಲಿ ಕಾಡಿನ ಅಂಚಿನಿಂದ ಕಣ್ಣು ತೆಗೆದು, ಆ ಚೀಲದವರನ್ನು ಕೇಳಿ ಒಂದು ತೊಳೆ ತಿಂದೆ. ರುಚಿಯಾಗಿತ್ತು, ಮರದಲ್ಲೇ ಹಣ್ಣಾದದ್ದಿರಬೇಕು.

ಆ ಬುಧವಾರ ಆನೆಯನ್ನು ಕಂಡವರು ಮೂವರು. ಮೆಟ್ಟಿಲ ಮೇಲೆ ನಾನು. ಕೆಲಸಕ್ಕೆ ಬರುತ್ತ ದಾರಿಯಲ್ಲೇ ನಿಂತುಬಿಟ್ಟ ಕಾಳಿ. ಮತ್ತೆ, ಆ ಮಣ್ಣಿನ ಗೋಡೆಯ ಕಿಂಡಿಯಿಂದ ನೋಡುತ್ತಿದ್ದ ಕೆಂಪಕ್ಕ. ಮೂವರೂ ಇವತ್ತಿಗೂ ಬದುಕಿದ್ದೇವೆ.