ಹೆಬ್ಬಾಗಿಲಿನ ಕೊನೆಯ ಕೂಗು

೧೯೯೮ರ ನವೆಂಬರ್ ತಿಂಗಳ ಎರಡನೆಯ ಭಾನುವಾರ ಬೆಳಿಗ್ಗೆ ಎಂಟೂವರೆಗೆ ಶಿವಮೊಗ್ಗದ ದುರ್ಗಿಗುಡಿಯ ಮನೆಗೆ ಬೀಗ ಹಾಕಿದೆವು. ಹೊರಟವರು ನಾನು ಮತ್ತು ನನ್ನ ಹೆಂಡತಿ ಸರೋಜ. ಭದ್ರಾವತಿಯಾಚೆಯ ಹಳ್ಳಿಯೊಂದರ ಹಳೆಯ ಅರಮನೆಯನ್ನು ಮಾಲೀಕರು ಸರ್ಕಾರಕ್ಕೆ ಒಪ್ಪಿಸಿ ಅಂದೇ ಹೊರಡುತ್ತಾರೆಂದು ಕೇಳಿದ್ದೆ. ಬೀಗ ಬೀಳುವ ಮೊದಲು ನೋಡಬೇಕಿತ್ತು.

ಭದ್ರಾವತಿಗೆ ಬಸ್ಸಿನಲ್ಲಿ ಮುಕ್ಕಾಲು ಗಂಟೆ, ತಲೆಗೆ ಆರು ರೂಪಾಯಿ. ಅಲ್ಲಿ ಹಳ್ಳಿಯ ಬಸ್ಸಿಗಾಗಿ ಒಂದೂವರೆ ಗಂಟೆ ಕಾದೆವು. ಇಳಿದ ಮೇಲೆ ಎರಡು ಕಿಲೋಮೀಟರ್ ನಡಿಗೆ. ಬಿಸಿಲಿದ್ದರೂ ಗಾಳಿ ತಣ್ಣಗಿತ್ತು. ಮೂವತ್ತೊಂದು ವರ್ಷ ವ್ಯಾಯಾಮ ಶಿಕ್ಷಕನಾಗಿದ್ದವನು ನಾನು. ನನ್ನ ಊಟ ಹನ್ನೆರಡೂವರೆಗೆ. ಅರಮನೆಯ ಎದುರಿನ ಹುಣಸೆ ಮರದಡಿ ಡಬ್ಬಿ ಬಿಚ್ಚಿದೆ.

"ನೋಡ್ಕೊಂಡು ಬಂದು ತಿಂದ್ರೆ ಆಗ್ತಿರ್ಲಿಲ್ವಾ?" ಎಂದಳು ಸರೋಜ.

"ಹೊತ್ತು ಅಂದ್ರೆ ಹೊತ್ತು" ಎಂದು ನಾಲ್ಕು ಚಪಾತಿ ಮುಗಿಸಿದೆ.

ಹೆಬ್ಬಾಗಿಲಲ್ಲಿ ಆ ಮನೆತನದ ಸೊಸೆ ಗೌರಮ್ಮನವರು ಎದುರಾದರು. ಹೆಸರು ಕೇಳುವ ಮೊದಲೇ, "ಊಟ ಮಾಡ್ತೀರಲ್ಲ?" ಎಂದರು.

"ನಮ್ಮದು ಆಯ್ತಮ್ಮ, ಹನ್ನೆರಡೂವರೆಗೇ. ಮೇಷ್ಟ್ರ ಅಭ್ಯಾಸ." ಅವರ ಮುಖ ಸಪ್ಪಗಾಯಿತು. ಏಕೆಂದು ಆಗ ತಿಳಿಯಲಿಲ್ಲ.

ಸಾಮಾನಿನ ಲಾರಿ ಬೆಳಿಗ್ಗೆಯೇ ಹೋಗಿತ್ತು. ತೊಟ್ಟಿಯ ಸುತ್ತ ಇಪ್ಪತ್ತನಾಲ್ಕು ಮರದ ಕಂಬಗಳು, ಒಂದಕ್ಕೂ ಗೆದ್ದಲಿಲ್ಲ. ಗೋಡೆಗಳ ಮೇಲೆ ಫೋಟೋ ತೆಗೆದ ಜಾಗಗಳಷ್ಟೇ ಬೆಳ್ಳಗಿದ್ದವು. ಹಿಂದೆ ಪಾಳೆಯಗಾರರಾಗಿದ್ದು ಆಮೇಲೆ ಪಟೇಲರಾದ ಮನೆತನವಂತೆ. ಗೌರಮ್ಮನವರು ಜಗಲಿಯ ಒಂದು ಮೂಲೆ ತೋರಿಸಿದರು.

"ನಮ್ಮ ಮಾವನೋರ ಅಜ್ಜನ ಕಾಲ. ಕಂದಾಯ ಕಟ್ಟೋಕೆ ಬಂದ ರೈತ ಬೆಳಗ್ಗಿಂದ ಇಲ್ಲೇ ಕೂತಿದ್ದ. ಒಳಗೆ ಇವ್ರು ಉಂಡು, ಮಲಗಿ, ಎದ್ದು ಬರೋ ಹೊತ್ತಿಗೆ ಹಸಿವಿಂದ ತಲೆ ಸುತ್ತಿ ಬಿದ್ದಿದ್ದ. ಅವತ್ತಿಂದ ಬಾಗಿಲಲ್ಲಿ ಮೂರು ಸಲ ಕೂಗಿ ಕರೀದೆ ಈ ಮನೇಲಿ ಯಾರೂ ಎಲೆ ಮುಂದೆ ಕೂತಿಲ್ಲ. ಈಗ ಆರೇಳು ವರ್ಷದಿಂದ ಒಬ್ರೂ ಓ ಅಂದಿಲ್ಲ. ಇವತ್ತು ಕೊನೇದು. ಒಬ್ರು ಉಂಡಿದ್ರೂ ಸಮಾಧಾನವಾಗಿ ಹೋಗ್ತಿದ್ದೆ."

ಕೈಯಲ್ಲಿ ಬೀಗ ಹಿಡಿದಿದ್ದ ಅವರ ಯಜಮಾನರು ಬಸವರಾಜಪ್ಪ ನಕ್ಕರು. "ಮನೆಮನೇಲೂ ಕುಕ್ಕರ್ ಕೂಗ್ತಿರುವಾಗ ನಿನ್ನ ಕೂಗು ಯಾರಿಗೆ ಕೇಳುತ್ತೆ ಮಾರಾಯ್ತಿ? ಬಡಿಸು, ಹೊತ್ತಾಯ್ತು."

ಗೌರಮ್ಮನವರು ಹೊಸ್ತಿಲ ಮೇಲೆ ನಿಂತು ಕೂಗಿದರು: "ಉಣ್ಣದೋರು ಯಾರಾದ್ರೂ ಇದೀರಾ?"

ಬೀದಿಯ ನಾಯಿ ತಲೆಯೆತ್ತಿ ಮತ್ತೆ ಮಲಗಿತು. ನಾನು ಅವರನ್ನು ದಾಟಿ ಮೆಟ್ಟಿಲಿಳಿದೆ. ಎರಡನೆಯ ಕೂಗಿಗೆ ಅಂಗಳದಲ್ಲಿದ್ದೆ. ಮೂರನೆಯದಕ್ಕೆ ಹುಣಸೆ ಮರದಡಿ ನಿಂತು, ಹಾಜರಿ ಹೇಳುವ ಹುಡುಗನಂತೆ ಕೈಯೆತ್ತಿದೆ. "ಇದೀನಿ ತಾಯಿ!"

"ಹನ್ನೆರಡೂವರೆದು ಇಷ್ಟು ಬೇಗ ಅರಗಿತಾ ಮೇಷ್ಟ್ರೇ?" ಎಂದರು. ಗೌರಮ್ಮನವರು ನಗುತ್ತಲೇ ಎಲೆ ಹಾಕಲು ಒಳಕ್ಕೆ ತಿರುಗಿದರು.

"ನಿಮ್ಮ ಅರಮನೆ ಸುತ್ತಿ ಹಸಿವಾಯ್ತು."

ಸರೋಜ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಎರಡು ರೊಟ್ಟಿ, ಎಣ್ಣೆಗಾಯಿ, ಅನ್ನ, ಸಾರು, ಮಜ್ಜಿಗೆ: ಎಲೆಯಲ್ಲಿ ಒಂದಗುಳೂ ಬಿಡಲಿಲ್ಲ. ಆಮೇಲೆ ಗೌರಮ್ಮನವರು ಉಂಡರು. ಮೂರು ಗಂಟೆಗೆ ಬಸವರಾಜಪ್ಪ ಬೀಗ ಹಾಕಿ, ಎರಡು ಸಲ ಎಳೆದು ನೋಡಿದರು.

ಸಂಜೆ ಆರೂಮುಕ್ಕಾಲಿಗೆ ಮನೆ ಸೇರಿದೆವು. ಎಂಟಕ್ಕೆ ಸರೋಜ ಅಡುಗೆಮನೆಯ ಬಾಗಿಲಿಗೆ ಬಂದು, "ಉಣ್ಣದೋರು ಯಾರಾದ್ರೂ ಇದೀರಾ?" ಎಂದು ಕೂಗಿದಳು. ನಾನು ಓ ಅನ್ನಲಿಲ್ಲ. ಡಬ್ಬಿ ತೊಳೆದು ಕವುಚಿಟ್ಟೆ.