ಒಂದೇ ಹುಡುಗಿಯ ಬಿ.ಎಡ್. ಕ್ಲಾಸು

ಅಲ್ಲ ಕಣೇ ಶಿವರಂಜನಿ, ನಾನು ಹೇಳೋದನ್ನ ಬರ್ಕೊಳ್ತಿದ್ದೀಯ ತಾನೆ, ನಿಮ್ಮ ದಾಕ್ಷಾಯಿಣಿ ಅತ್ತೆ ಇದ್ದಾಳಲ್ಲ, ಅವಳು ಸಾರು ಬಡಿಸಿದರೂ "ಅರ್ಥವಾಯಿತಾ?" ಅಂತ ಕೇಳಿಯೇ ಮುಂದಿನ ತಟ್ಟೆಗೆ ಹೋಗೋದು. ಮದ್ರಾಸಿನ ಅಡ್ಯಾರ್ ಬಸ್ಸಿನ ಕಂಡಕ್ಟರಿಗೂ "ಗಂಟಲು ಬಿಟ್ಟು ಹೇಳಪ್ಪಾ, ಕೊನೇ ಸೀಟಿಗೆ ಕೇಳಿಸಬೇಕು" ಅಂತ ಪಾಠ. ಹಣೆ ತುಂಬ ವಿಭೂತಿ ಇಟ್ಟುಕೊಂಡೇ ಕ್ರೈಸ್ತ ಸಿಸ್ಟರುಗಳ ಕಾಲೇಜಿನಲ್ಲಿ ಪ್ರಾರ್ಥನೆಗೆ ನಿಂತು, ಆಮೇಲೆ ಅಲ್ಲೇ ನಡೆಯೋ ಯೂನಿವರ್ಸಿಟಿಯ ಬಿ.ಎಡ್. ಕ್ಲಾಸಿಗೆ ಪಾಠ ಹೇಳೋಕೆ ಹೋಗ್ತಾಳೆ. ಇಪ್ಪತ್ತಾರು ವರ್ಷದಿಂದ ಇದೇ. ಅಲ್ಲಿ ಕಲಿಯೋರಲ್ಲೇ ಒಬ್ಬಳು ಪಾಠ ಮಾಡಬೇಕು, ಉಳಿದವರು ಐದನೇ ಕ್ಲಾಸಿನ ಮಕ್ಕಳಾಗಿ ಕೂರಬೇಕು, ಟೀಚರುಗಳು ತಯಾರಾಗೋದೇ ಹಾಗೆ. ಈ ವರ್ಷ ಸೇರಿದವಳು ತಿರುವೊಟ್ಟಿಯೂರಿನ ಸೆಲ್ವಿ ಒಬ್ಬಳೇ. ಅದಕ್ಕೆ ಸೆಲ್ವಿ ಪಾಠ ಮಾಡುವಾಗ ನಿಮ್ಮ ಅತ್ತೆಯೇ ಮುಂದಿನ ಬೆಂಚಿನಲ್ಲಿ ಜಾಣೆಯಾಗಿ ಕೈ ಎತ್ತುತ್ತಾಳೆ, ನೋವಿನ ಮಂಡಿ ಹಿಡಿದುಕೊಂಡು ಹಿಂದಕ್ಕೆ ಓಡಿ ತುಂಟಿಯಾಗಿ ಗಲಾಟೆ ಮಾಡುತ್ತಾಳೆ, ಕಿಟಕಿ ಪಕ್ಕ ಹೋಗಿ ತೂಕಡಿಸುತ್ತಾಳೆ. ಕೇಳಿ ಕೇಳಿ ನಗು ತಡೆಯೋಕಾಗಲ್ಲ. ಆದರೆ ಮೊನ್ನೆ ಪ್ರಿನ್ಸಿಪಾಲ್ ಸಿಸ್ಟರ್ ಬಾಗಿಲಲ್ಲಿ ಮೆಲ್ಲಗೆ, "ದಾಕ್ಷಾಯಿಣಿಮಾ, ತೀರ್ಮಾನ ಆಗೋಯ್ತು. ಸೆಲ್ವಿ ಆದಮೇಲೆ ಕ್ಲಾಸ್ ಮುಚ್ಚುತ್ತಾರೆ" ಅಂದರಂತೆ. ಇವಳು ಬಾಯಿಮೇಲೆ ಬೆರಳಿಟ್ಟು, "ಮಿಸ್ ಪಾಠ ಮಾಡ್ತಿದ್ದಾರೆ ಸಿಸ್ಟರ್" ಅಂದು ಮತ್ತೆ ಬೆಂಚಿಗೆ ಹೋಗಿ ಕೈಕಟ್ಟಿ ಕೂತಳಂತೆ. ಕಣ್ಣು ಒರೆಸಿಕೊಳ್ಳಲೂ ಇಲ್ಲ, ಒರೆಸಿಕೊಂಡರೆ ಸೆಲ್ವಿ ಪಾಠ ನಿಲ್ಲಿಸುತ್ತಾಳಲ್ಲ. ನಾಳೆ ಆ ಹುಡುಗಿಯ ಪರೀಕ್ಷೆಯ ಪಾಠ. ಇವಳು ಪರೀಕ್ಷಕರ ಪಕ್ಕ ಕೂರಬೇಕು, ಬೆಂಚೆಲ್ಲ ಖಾಲಿ. ನೀನು ಹತ್ತು ಗಂಟೆಗೆ ಹೋಗಿ ಕೂತ್ಕೊ ಪುಟ್ಟಾ, ಗೊತ್ತಿದ್ದರೂ ಗೊತ್ತಿಲ್ಲ ಅಂತ ಎದ್ದು ನಿಂತು ಒಂದು ಪ್ರಶ್ನೆ ಕೇಳು.