ವೀರನಹೊಸಹಳ್ಳಿಯ ಹತ್ತನೆಯವರು

ಹತ್ತು ಗಂಡಸರು ಬೇಕು, ಅದೂ ಹೊತ್ತು ಮುಳುಗುವುದರೊಳಗೆ ಬೇಕು ಅಂದರು ತಾತ. ನಾನು ನಕ್ಕುಬಿಟ್ಟೆ. ನಮ್ಮ ವೀರನಹೊಸಹಳ್ಳಿಯಲ್ಲಿ ಗಂಡಸರಿಗೇನು ಬರ? ಟೀ ಅಂಗಡಿ ಮುಂದೆ ನಿಂತು ಒಂದು ಕೂಗು ಹಾಕಿದರೆ ಇಪ್ಪತ್ತು ಜನ ಬರುತ್ತಾರೆ. ಕೆಲಸವೇನೂ ಇಲ್ಲ, ಸುಮ್ಮನೆ ನಿಲ್ಲಬೇಕು ಅಂದರೆ ಮೂವತ್ತು.

ತಾತ ನಮ್ಮ ಹೋಂಸ್ಟೇಯಲ್ಲಿ ಇಳಿದುಕೊಂಡಿದ್ದ ಹಂಗೇರಿಯವರು. ಯಹೂದಿ. ಎಪ್ಪತ್ತು ದಾಟಿದ ವಯಸ್ಸು. ಹುಲಿ ನೋಡಲು ಬಂದವರು ಜೀಪಿನಿಂದ ಇಳಿಯುವಾಗ ಕಾಲು ಉಳುಕಿಸಿಕೊಂಡು, ಹುಣಸೂರಿನ ಡಾಕ್ಟರ ಹತ್ತಿರ ಪಟ್ಟಿ ಕಟ್ಟಿಸಿಕೊಂಡು ನಮ್ಮ ಜಗಲಿಯ ಕುರ್ಚಿಗೆ ಅಂಟಿಬಿಟ್ಟಿದ್ದರು. ಕಾಲು ಸರಿಯಿದ್ದಿದ್ದರೆ ಆವತ್ತು ಅವರು ಮುಂಬೈಯಲ್ಲಿ, ತಮ್ಮವರ ಪ್ರಾರ್ಥನಾ ಮಂದಿರದಲ್ಲಿ ಇರಬೇಕಿತ್ತು.

ನಿಮ್ಮೂರ ಗಂಡಸರು ಆಗುವುದಿಲ್ಲ, ಯಹೂದಿಗಳೇ ಆಗಬೇಕು ಅಂದರು. ಹೆಂಗಸರೂ ಲೆಕ್ಕಕ್ಕಿಲ್ಲವಾ ಅಂತ ಕೇಳಿದೆ. ಬೇರೆ ಕೆಲವರು ಸೇರಿಸಿಕೊಳ್ಳುತ್ತಾರೆ, ನಮ್ಮಲ್ಲಿ ಇಲ್ಲ ಅಂದರು. ನನಗೆ ರೇಗಿತು. ಆದರೆ ಅವರು ಕಾರಣ ಹೇಳಿದ ಮೇಲೆ ರೇಗಿದ್ದೆಲ್ಲ ಇಳಿದುಹೋಯಿತು.

ಎರಡನೇ ಮಹಾಯುದ್ಧದ ಕಾಲದಲ್ಲಿ ಅವರ ಅಪ್ಪನ ಮೊದಲ ಹೆಂಡತಿಯನ್ನೂ ಇಬ್ಬರು ಪುಟ್ಟ ಹೆಣ್ಣುಮಕ್ಕಳನ್ನೂ, ಯಹೂದಿಗಳು ಅನ್ನುವುದೊಂದೇ ಕಾರಣಕ್ಕೆ, ರೈಲಿಗೆ ತುಂಬಿ ಒಯ್ದು ಕೊಂದರಂತೆ. ಅಪ್ಪನನ್ನು ಬೇರೆ ಕಡೆ ಕೂಲಿಗೆ ಎಳೆದೊಯ್ದಿದ್ದರಿಂದ ಅವರೊಬ್ಬರು ಹೇಗೋ ಉಳಿದರು. ಆಮೇಲೆ ಇನ್ನೊಂದು ಮದುವೆಯಾಗಿ ಹುಟ್ಟಿದ್ದು ಈ ತಾತ. ಆ ಮಕ್ಕಳು ಸತ್ತ ದಿನ ಯಾವುದೆಂದು ಯಾರಿಗೂ ಗೊತ್ತಿಲ್ಲ. ಹೀಗೆ ದಿನ ಗೊತ್ತಿಲ್ಲದವರಿಗೆಲ್ಲ ಅವರಲ್ಲಿ ವರ್ಷದ ಒಂದು ಉಪವಾಸದ ದಿನವನ್ನು ಗೊತ್ತುಮಾಡಿದ್ದಾರೆ. ಆವತ್ತೇ ಆ ದಿನ. ಬೇರೆ ಪ್ರಾರ್ಥನೆಯಾದರೆ ಒಬ್ಬರೇ ಕೂತು ಹೇಳಬಹುದು, ಸತ್ತವರಿಗಾಗಿ ಹೇಳುವ ಈ ಒಂದನ್ನು ಮಾತ್ರ ಒಬ್ಬರೇ ಹೇಳುವಂತಿಲ್ಲ. ಹತ್ತು ಜನ ಸೇರಿ, ಒಬ್ಬ ಹೇಳಬೇಕು, ಸುತ್ತ ನಿಂತವರು ಆಮೆನ್, ಅಂದರೆ ಹೌದು, ಅನ್ನಬೇಕು. ಅಪ್ಪ ಬದುಕಿರುವವರೆಗೆ ಒಂದು ವರ್ಷವೂ ತಪ್ಪಿಸಲಿಲ್ಲ, ಅವರಾದ ಮೇಲೆ ಇವರೂ ತಪ್ಪಿಸಿಲ್ಲ.

"ಆ ಅಕ್ಕಂದಿರಿಗೆ ಇರೋದು ನಾನೊಬ್ಬನೇ ತಮ್ಮ" ಅಂದರು.

ನನಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ದಿನ ಗೊತ್ತಿಲ್ಲದೆ ಹೋದವರಿಗೆ ನಮ್ಮಲ್ಲೂ ಮಾಲಯ ಅಮಾವಾಸ್ಯೆ ಇದೆ. ದಾಸಯ್ಯ ಶಂಖ ಊದಿ ಗೋವಿಂದ ಅಂದಾಗ ಮನೆಮಂದಿಯೆಲ್ಲ ಗೋವಿಂದ ಅನ್ನದೆ ನಮ್ಮನೆಯಲ್ಲಿ ಪಕ್ಷ ಮುಗಿಯುವುದಿಲ್ಲ. ಸೆರಗು ಸಿಕ್ಕಿಸಿಕೊಂಡು ಕಾರಿನ ಕೀ ತಗೊಂಡೆ.

ನನಗೆ ಇಂಥ ಕೆಲಸ ಅಂದರೆ ಊಟ ತಿಂಡಿ ಬೇಡ. ಗಾಡಿಯಲ್ಲಿ ಕೂರುವ ಮುಂಚೆಯೇ ಎಚ್.ಡಿ. ಕೋಟೆಯಲ್ಲಿ ಜೀಪ್ ಓಡಿಸುವ ನನ್ನ ತಮ್ಮನಿಗೆ ಫೋನ್ ಹಚ್ಚಿ, ಕಬಿನಿ ಹಿನ್ನೀರಿನ ರೆಸಾರ್ಟುಗಳಲ್ಲಿ ಯಹೂದಿಗಳು ಇದ್ದಾರಾ ನೋಡು ಅಂದೆ. ಅವನಿಗೆ ಗುರುತು ಹೇಗೆ ಹಿಡಿಯಬೇಕೆಂದು ತಿಳಿಯದು, ನನಗೂ ತಿಳಿಯದು. ಬೆಳ್ಳಗಿರೋರನ್ನೆಲ್ಲ ಕೇಳು ಅಂದೆ. ಅವನು ಮೊದಲು ಪತ್ತೆ ಮಾಡಿದ್ದು ಕೆ.ಆರ್. ನಗರದ ಕಡೆ ಚುಂಚನಕಟ್ಟೆ ಜಲಪಾತ ನೋಡಲು ಹೊರಟಿದ್ದ ಒಂದು ವ್ಯಾನ್ ತುಂಬ ಜನರನ್ನು. ಅಷ್ಟೂ ಜನ ಕ್ರೈಸ್ತರು.

ನಾನು ಪಿರಿಯಾಪಟ್ಟಣ ದಾಟಿ ಬೈಲಕುಪ್ಪೆಗೆ ಹೋದೆ. ಚಿನ್ನದ ಗುಡಿಯ ಹತ್ತಿರದ ಹೋಟೆಲಿನಲ್ಲಿ ಐವರು ಹುಡುಗರು ಸಿಕ್ಕರು, ಇಸ್ರೇಲಿನವರು, ಬೈಕಿನಲ್ಲಿ ತಿರುಗುತ್ತಿದ್ದವರು. ಕಿವಿಗೆ ಓಲೆ, ಕೈತುಂಬ ಹಚ್ಚೆ. ಇವರು ಪ್ರಾರ್ಥನೆ ಮಾಡುವ ಪೈಕಿಯಾ ಅಂತ ಅನುಮಾನವಾಯಿತು. ನನ್ನ ಸಫಾರಿ ಇಂಗ್ಲಿಷಿನಲ್ಲಿ ತಾತನ ಅಕ್ಕಂದಿರ ಕಥೆ ಹೇಳಿ ಮುಗಿಸುವಷ್ಟರಲ್ಲಿ ಐವರೂ ಎದ್ದು ಹೆಲ್ಮೆಟ್ ಹಾಕಿಕೊಳ್ಳುತ್ತಿದ್ದರು. ನನಗೆ ಕುಣಿಯುವಷ್ಟು ಖುಷಿಯಾಯಿತು. ಹುಣಸೂರು ದಾಟುವಾಗ ತಮ್ಮನ ಫೋನು: ರೆಸಾರ್ಟಿನಲ್ಲಿ ಒಬ್ಬ ಅಪ್ಪ, ಬೆಳೆದ ಇಬ್ಬರು ಗಂಡುಮಕ್ಕಳು ಸಿಕ್ಕಿದ್ದಾರೆ, ಕರಕೊಂಡು ಬತ್ತಾ ಇವ್ನಿ ಅಂತ.

ಸಂಜೆ ಐದರ ಹೊತ್ತಿಗೆ ನಮ್ಮ ಅಂಗಳ ಮದುವೆಮನೆಯ ಹಾಗಾಗಿತ್ತು. ಬೈಕಿನ ಒಬ್ಬ ಹುಡುಗನ ಅಜ್ಜಿ ಬಾಗ್ದಾದಿನಲ್ಲಿ ಮನೆ ಮಠ ಬಿಟ್ಟು ಉಟ್ಟ ಬಟ್ಟೆಯಲ್ಲಿ ಓಡಿಬಂದವಳಂತೆ. ಇನ್ನೊಬ್ಬನ ಮನೆಯವರನ್ನು ಮೊರಾಕೊದಿಂದ, ರೆಸಾರ್ಟಿನ ಅಪ್ಪನ ಹಿರೀಕರನ್ನು ರಷ್ಯಾದಿಂದ ಓಡಿಸಿದ್ದರಂತೆ. ಒಬ್ಬೊಬ್ಬರದೂ ಒಂದೊಂದು ದೇಶ, ಕಥೆ ಮಾತ್ರ ಒಂದೇ.

ಆದರೆ ಎಣಿಸಿದರೆ ತಾತನೂ ಸೇರಿ ಒಂಬತ್ತೇ ಜನ.

ತಮ್ಮನ ಕೈಲಿ ಇನ್ನೂ ನಾಲ್ಕು ಕಡೆ ಫೋನ್ ಮಾಡಿಸಿದೆ. ಬಿಸಿಲು ಕಾಡಿನ ತಲೆಯ ಮೇಲೆ ಕೂತಿತ್ತು. ತಾತ ಕೈಗಡಿಯಾರ ನೋಡಿಕೊಂಡು, ಪರವಾಗಿಲ್ಲ, ನೀನು ಮಾಡುವಷ್ಟು ಮಾಡಿದೆ ಅಂದರು. ಅವರು ಹಾಗೆ ಸಮಾಧಾನ ಮಾಡಿದ್ದಕ್ಕೆ ನನಗೆ ಇನ್ನಷ್ಟು ಅಳು ಬಂತು. ಒಂದೇ ಒಂದು ಜನಕ್ಕೆ ತಪ್ಪಿಹೋಗುವುದಾ?

ಅದೇ ಹೊತ್ತಿಗೆ ನಮ್ಮ ಇನ್ನೊಂದು ರೂಮಿನವರ ಟ್ಯಾಕ್ಸಿ ಬಂತು. ಮುಂಬೈ ಹತ್ತಿರದ ಠಾಣೆ ಊರಿನ ಮರಾಠಿ ದಂಪತಿ, ಬೆಳಗ್ಗೆಯೇ ಇರ್ಪು ಜಲಪಾತಕ್ಕೆ ಹೋಗಿದ್ದವರು. ಆಕೆ ಸೀರೆ, ಕರಿಮಣಿ, ಕೈತುಂಬ ಬಳೆ. ಅವರು ಮಂಕಿ ಕ್ಯಾಪು, ಸ್ವೆಟರು, ಥೇಟ್ ಕಟ್ಟೆಮಳಲವಾಡಿಯ ನಮ್ಮ ಸೋದರಮಾವನ ಹಾಗೆ. ಅಂಗಳದಲ್ಲಿ ಇಷ್ಟು ಗಾಡಿ ನಿಂತಿದೆ, ಏನಂದುಕೊಂಡಾರೋ ಅಂತ ನಾನು ಕ್ಷಮೆ ಕೇಳಲು ಹೊರಟೆ. ಬಾಗಿಲಲ್ಲಿ ನಿಂತಿದ್ದ ನಮ್ಮ ಅತ್ತೆ ಸೆರಗು ಹಿಡಿದು ಎಳೆದರು.

"ಆ ಯಪ್ಪನೂ ಬೆಳಗ್ಗೆ ಹೊರಡೋವಾಗ ಒಂದು ತೊಟ್ಟು ನೀರು ಮುಟ್ಟಿಲ್ಲ ಕಣಮ್ಮಿ."

ನಿಜ. ಬೆಳಗ್ಗೆ ಅಕ್ಕಿರೊಟ್ಟಿ ಕೊಟ್ಟರೆ ಹೆಂಡತಿ ತಿಂದರು, ಅವರು ಬೇಡವೆಂದರು. ಹೊಟ್ಟೆ ಕೆಟ್ಟಿರಬೇಕು ಅಂತ ನಾನು ಜೀರಿಗೆ ಕಷಾಯ ಕೊಟ್ಟರೆ ಅದನ್ನೂ ತಳ್ಳಿದ್ದರು. ನನ್ನ ಮುರುಕು ಹಿಂದಿಯಲ್ಲಿ ಉಪವಾಸವಾ ಅಂತ ಕೇಳಿದೆ. ಹೌದು, ನಮ್ಮ ಜನರ ಉಪವಾಸ ಅಂದರು. ಅಷ್ಟರಲ್ಲಿ ಅವರ ಕಣ್ಣು ನನ್ನ ಹಿಂದೆ, ಪ್ರಾರ್ಥನೆಯ ಪುಸ್ತಕ ಹಿಡಿದು ನಿಂತವರ ಮೇಲೆ ಹೋಯಿತು.

"ಎಷ್ಟು ಜನ ಇದ್ದೀರಿ?"

"ಒಂಬತ್ತು."

ಅವರು ಮಂಕಿ ಕ್ಯಾಪು ತೆಗೆದು, ಜೇಬಿನಿಂದ ತಾತನದರಂಥದೇ ಪುಟ್ಟ ದುಂಡನೆಯ ಟೋಪಿ ತೆಗೆದು ನೆತ್ತಿಗೆ ಇಟ್ಟುಕೊಂಡರು. "ಹತ್ತಾಯಿತಲ್ಲ" ಅಂದರು.

ಎರಡು ರಾತ್ರಿ ನಮ್ಮ ಸೂರಿನಡಿಯೇ, ತಾತನ ಪಕ್ಕದ ಗೋಡೆಯ ಆಚೆ ಮಲಗಿದ್ದವರು! ಬೆಳ್ಳಗಿರುವವರನ್ನು ಹುಡುಕುತ್ತ ನಾನು ಮೂರು ತಾಲ್ಲೂಕು ಜಾಲಾಡಿಸಿದ್ದೆ. ಅವರ ಮುತ್ತಾತಂದಿರು ಕೊಂಕಣದಲ್ಲಿ ಎಣ್ಣೆ ಗಾಣ ಇಟ್ಟಿದ್ದವರಂತೆ, ಯಹೂದಿಗಳು ಕೆಲಸ ಮುಟ್ಟಬಾರದ ದಿನವೆಂದು ಶನಿವಾರ ಮಾತ್ರ ಗಾಣ ಹೂಡುತ್ತಿರಲಿಲ್ಲವಂತೆ. ಹುಡುಗನೊಬ್ಬ ನಿಮ್ಮನ್ನು ಎಲ್ಲಿಂದ ಓಡಿಸಿದರು ಅಂತ ಕೇಳಿದ. ಇಲ್ಲಿ ನಮ್ಮನ್ನು ನೆರೆಯವರು ಯಾರೂ ಓಡಿಸಲಿಲ್ಲ ಅಂದರು. ನಾನೇ ಅವರನ್ನು ಕಾಪಾಡಿದವಳ ಹಾಗೆ ಬೀಗಿದೆ.

ತಾತ ಒಂಟಿ ಕಾಲಿನ ಮೇಲೆ ಭಾರ ಹಾಕಿ, ಮರಾಠಿಯವರ ಹೆಗಲು ಹಿಡಿದು ನಿಂತರು. ಇಬ್ಬರು ಅಕ್ಕಂದಿರ ಹೆಸರು ಹೇಳಿದರು. ಆಮೇಲೆ ಪ್ರಾರ್ಥನೆ ಶುರುವಾಯಿತು. ಆಮೆನ್ ಅನ್ನುವಾಗ ಎಲ್ಲರಿಗಿಂತ ದೊಡ್ಡ ದನಿ ಠಾಣೆಯವರದೇ. ಹಚ್ಚೆಯ ಹುಡುಗರು ಕಣ್ಣು ಒರೆಸಿಕೊಳ್ಳುತ್ತಿದ್ದರು. ಲೆಕ್ಕಕ್ಕಿಲ್ಲದ ನಾನೂ ಒಂದು ಮೂಲೆಯಲ್ಲಿ ನಿಂತು ಮೆಲ್ಲಗೆ ಆಮೆನ್ ಅಂದೆ.

ಚುಕ್ಕಿ ಮೂಡಿದ ಮೇಲೆ ಉಪವಾಸ ಬಿಡಬೇಕು. ಅತ್ತೆ ತಾತನ ಎದುರು ಬಂದು ನಿಂತರು. ಪಕ್ಷಕ್ಕೆ ಸತ್ತವರಿಗೆ ಇಷ್ಟವಾದ್ದನ್ನೇ ಮಾಡಿ ರೂಢಿ ಅವರಿಗೆ. ಆ ಮಕ್ಕಳಿಗೆ ತಿನ್ನೋಕೆ ಏನು ಇಷ್ಟ ಅಂತ ಕೇಳು ಅಂದರು. ನಾನು ಕೇಳಿದೆ.

ತಾತ ತಲೆಯಾಡಿಸಿದರು. "ಗೊತ್ತಿಲ್ಲ. ಅಪ್ಪ ಹೆಸರು ಬಿಟ್ಟು ಇನ್ನೇನೂ ಹೇಳಲಿಲ್ಲ, ಬೇರೆ ಹೇಳುವವರು ಒಬ್ಬರೂ ಉಳಿಯಲಿಲ್ಲ" ಅಂದರು.

ಕೊಂದವರು ಅದನ್ನೂ ಉಳಿಸಿರಲಿಲ್ಲ. ಅತ್ತೆಗೆ ಕನ್ನಡದಲ್ಲಿ ಹೇಳಿದೆ. ಅವರು ಸೆರಗಿನಲ್ಲಿ ಕೈ ಒರೆಸಿಕೊಂಡು ತಾತನ ಕಡೆ ತಿರುಗಿದರು.

"ಮಕ್ಕಳು ತಾನೇ? ಸಿಹಿ ಅಂದ್ರೆ ಬುಟ್ಟಾರಾ? ಬನ್ನಿ, ಒಲೆ ಹಚ್ಚಿಕೊಡಿ."

ತಾತನ ನೇಮ ಅತ್ತೆಗೆ ಗೊತ್ತಾಗಿಹೋಗಿತ್ತು. ಅವರು ತಂದ ಬಾಣಲೆಯೇ ಆಗಬೇಕು, ಒಲೆ ಅವರ ಕೈಯಿಂದಲೇ ಹೊತ್ತಬೇಕು, ಆಮೇಲೆ ಯಾರು ಬೇಯಿಸಿದರೂ ನಡೆಯುತ್ತದೆ. ಠಾಣೆಯವರು ಹೆಗಲು ಕೊಟ್ಟು ತಾತನನ್ನು ಅಡುಗೆಮನೆಗೆ ನಡೆಸಿಕೊಂಡು ಹೋದರು. ಅತ್ತೆ ಬಾಣಲೆಗೆ ರವೆ ಸುರಿದು, ಬೆಲ್ಲ ಕುಟ್ಟಿ ಪಕ್ಕಕ್ಕಿಟ್ಟು, ಬೆಂಕಿಪೊಟ್ಟಣ ಅವರ ಕೈಗೆ ಕೊಟ್ಟರು. ಆ ಅಕ್ಕಂದಿರ ತಮ್ಮ ಕಡ್ಡಿ ಗೀರಿದ.